ನೂರ ಎಂಬತ್ತಾರು ಕಾರ್ಡು

3 ಜೂನ್, ಮಂಗಳವಾರ
ಅಂತರಾತ್ಮದ ಸಾಕ್ಷಿಯಾಗಿ ತಪ್ಪೊಪ್ಪಿಗೆ: ಇಂದು ಮಧ್ಯಾಹ್ನ ಲೈಬ್ರರಿಯಿಂದ ಖಾಲಿ ಕ್ಯಾಟಲಾಗ್ ಕಾರ್ಡುಗಳ ಕಟ್ಟೊಂದನ್ನು ಕದ್ದೆ. ಕಾರ್ಡುಗಳ ಕಾವಲುಗಾರ ನಾನೇ. ಕಳ್ಳನನ್ನು ಹಿಡಿದೆ, ಎಚ್ಚರಿಕೆ ಕೊಟ್ಟು ಬಿಟ್ಟೆ.

ಕಾರಣ ಭಾವ. ನನ್ನ ಹೆಂಡತಿ, ಇವಳ ಅಕ್ಕನ ಗಂಡ, ನಿವೃತ್ತ ಲೆಕ್ಕದ ಮೇಷ್ಟ್ರು. ಮೂವರು ಅಳಿಯಂದಿರಲ್ಲಿ ಕೊನೆಗೆ ಉಳಿದವನೆಂದು ಹನ್ನೆರಡು ವರ್ಷದಿಂದ ನನ್ನನ್ನು ಕರೆಯುವುದೇ 'ಶೇಷ' ಅಂತ. ಈಗ ಮಕ್ಕಳಿಗೂ 'ಶೇಷ ಚಿಕ್ಕಪ್ಪ'. ಭಾನುವಾರ ಊಟದಲ್ಲಿ ಪಂಥವೇ ಆಯಿತು.

"12,34,567 ಅವಿಭಾಜ್ಯ ಸಂಖ್ಯೆನಾ, ಅಲ್ವಾ? ಕೈಯಲ್ಲೇ ಭಾಗಿಸಿ ಹೇಳಯ್ಯ. ಅದು ಎರಡು ತುಂಡಾದ್ರೆ ಚಿಕ್ಕ ತುಂಡು 1111 ದಾಟಲ್ಲ. ಅಷ್ಟರೊಳಗೆ ಅವಿಭಾಜ್ಯಗಳು 186. ಅಷ್ಟೂ ನೋಡು. ಗೆದ್ರೆ 'ಶೇಷ' ಅನ್ನೋ ಹೆಸರು ರದ್ದು."
"ಸೋತರೆ ಭಾವ?"
"ನಿನ್ನ ಮೊಮ್ಮಕ್ಕಳೂ ಅದನ್ನೇ ಕರೀತಾರೆ."

4 ಜೂನ್
1111ರವರೆಗೆ ಹಾಳೆ ತುಂಬ ಬರೆದು, ಒಡೆಯುವ ಸಂಖ್ಯೆಗಳನ್ನೆಲ್ಲ ಹೊಡೆದುಹಾಕಿದೆ. ಇವಳು ಚಹಾ ಲೋಟ ತಂದು ಅದರ ಮೇಲೇ ಇಟ್ಟಳು. ಶಾಯಿ ಹರಡಿತು.
"ಅಯ್ಯೋ, ನನ್ನ ಅಂಕೆ!"
"ಅಷ್ಟೊಂದಿದೆಯಲ್ರೀ, ಒಂದು ಹೋದ್ರೆ ಏನು?"

ಒಂದು ಭಾಗಾಕಾರಕ್ಕೆ ಒಂದು ಕಾರ್ಡು. ಕ್ಯಾಟಲಾಗ್ ಶಿಸ್ತು — ಮೊದಲ ಕಾರ್ಡು 1. ಶೇಷ ಸೊನ್ನೆ. ಅದು ಯಾರನ್ನೂ ಭಾಗಿಸದೆ ಬಿಡದು. ಅದರ ಮಾತು ಲೆಕ್ಕಕ್ಕಿಲ್ಲ.

9 ಜೂನ್, ಆಫೀಸು ಹೊತ್ತು
7 ಬಂತು, ಶೇಷ 5. 13 ಬಂತು, ಶೇಷ 9. 113 ಮುಕ್ಕಿ 42 ಉಗುಳಿತು. ಅದರ ಬೆನ್ನಿಗೇ 131, ಶೇಷ 23. ನನ್ನ ಸಂಖ್ಯೆ ಜಗ್ಗುವುದಿಲ್ಲ! ಯಾರೋ ಓದುಗರು, "ಸಾರ್, ಪುಸ್ತಕ…" ಅಂದರು. 137 ಆದಮೇಲೆ ನಿಮ್ಮ ಸರದಿ ಅಂದೆ.

21 ಜೂನ್
ಕಟ್ಟಕಡೆಯದು 1109. ಶೇಷ 250. ಕಾರ್ಡು ಎಣಿಸಿದೆ — 186! ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಬಚ್ಚಲಲ್ಲಿ ಹಾಡಿದೆ.

22 ಜೂನ್, ಭಾನುವಾರ
ಗೆದ್ದೆ! ಭಾವ ಕನ್ನಡಕ ಏರಿಸಿ ಕಾರ್ಡು ಎಣಿಸಿದರು. ನಡುವಿನಿಂದ ಐದು ಎಳೆದು ತಾವೇ ಭಾಗಿಸಿದರು. ಐದೂ ಸರಿ. ಎದ್ದು ನಿಂತರು!
"ಇನ್ಮೇಲೆ ಶೇಷ ಅಂದವರ ಕಿವಿ ಹಿಂಡ್ತೀನಿ. ಇವನು ಅವಿಭಾಜ್ಯ!"
ಅತ್ತೆ: "ಯಾರ ಮಾತಿಗೂ ಬಗ್ಗದವನು ಅಂತ ನಾನು ಆಗಲೇ ಹೇಳಿರಲಿಲ್ವಾ?"
ನಲವತ್ತು ನಿಮಿಷ ಭಾಷಣ ಮಾಡಿದೆ. ಇವಳು ಮೂರು ಸಲ ಸೀರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಕಳಿಕೆಗಂತೆ.

24 ಜೂನ್
ಕದ್ದ ಮಾಲನ್ನು ಲೈಬ್ರರಿಗೇ ಗೌರವದಿಂದ ಒಪ್ಪಿಸೋಣವೆಂದು ಕಾರ್ಡುಗಳಿಗೆ ದಾರ ಪೋಣಿಸಲು ಕೂತೆ. ಮೇಲಿನದು: 1.

1 ಅವಿಭಾಜ್ಯವೇ ಅಲ್ಲವಲ್ಲ… ಅದನ್ನೂ ಎಣಿಸಿ 186! ಅಂದರೆ ಒಂದು ಕಾಣೆ.

ತಿರುವಿದೆ. 113. ಹಿಂದೆಯೇ 131. ಹಳೇ ಹಾಳೆ ತೆಗೆದೆ. ಲೋಟದ ಉಂಗುರದ ಕೆಳಗೆ, ಮಸುಕಾಗಿ — 127.

ಹೊಸ ಕಾರ್ಡು. 9 ಸಲ ಹೋಯಿತು. 7 ಸಲ. 2 ಸಲ. ಉಳಿದದ್ದು 12. ಕೊನೆಯ 7 ಇಳಿಸಿದೆ. 127ರ ಎದುರಿಗೆ 127.

ಶೇಷ —