ನಿನ್ನೆಯ ಕಾಫಿಯ ಹೊಗೆ

ಅತ್ತೆ,

ಇಂಜೆರಾ ರೊಟ್ಟಿಯ ಹಿಟ್ಟು ಹುದುಗು ಬಂದಿದೆ, ಮಧ್ಯಾಹ್ನದೊಳಗೆ ಹುಯ್ದುಬಿಡಿ. ನಾನು ಆಸ್ಪತ್ರೆಗೆ ಹೋಗಿ ಬರುತ್ತೇನೆ. ನಿಮ್ಮ ಮಗ ಗಿರ್ಮಾಗೆ ಫೋನ್ ಮಾಡಿ ಸಿಹಿಸುದ್ದಿ ಹೇಳಬೇಡಿ.

ನಾನು ಬಸುರಿಯಲ್ಲ.

ನಿನ್ನೆ ನೀವು ಕಾಫಿಬೀಜ ಹುರಿದು, ಪದ್ಧತಿಯಂತೆ ಹೊಗೆಯಾಡುವ ಬಾಣಲೆಯನ್ನು ಎಲ್ಲರ ಮೂಗಿನ ಹತ್ತಿರ ಹಿಡಿಯುತ್ತಾ ಬಂದಿರಿ. ನನಗೆ ಬೆಳಗಿನಿಂದಲೇ ಎಡಗಡೆಯ ಅರ್ಧ ತಲೆ ಸಿಡಿಯುತ್ತಿತ್ತು. ಮುಖ ತಿರುಗಿಸಿದರೆ ಮನೆಗೆ ಅವಮಾನ ಎಂದು ಉಸಿರೆಳೆದುಕೊಂಡೆ. ಕಾಫಿಗೆ ಬಂದವರ ಮುಂದೆಯೇ ವಾಂತಿಯಾಯಿತು.

"ಕೊನೆಗೂ ನಿಮ್ಮ ಸೊಸೆ ಬಸುರಿ ಕಣ್ರೀ" ಅಂದವರು ಪಕ್ಕದ ಮನೆಯ ಅಸ್ನಾಕೆಚ್. "ಬಟ್ಟೆ ಒಗೆಯೋ ದಿನವೇ ಇವಳಿಗೆ ತಲೆನೋವು ಬರತ್ತೆ ನೋಡಿ" ಅಂತ ಆಡಿಕೊಳ್ಳುವವರೂ ಅವರೇ.

ಅಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೀವು ಕಿಟಕಿ ಮುಚ್ಚಿ, "ನನ್ನ ಮಗಳು ಮಲಗ್ಲಿ, ಯಾರೂ ಮಾತಾಡ್ಬೇಡಿ" ಅಂದಿರಿ. ನಾನು ಬಾಯಿ ಮುಚ್ಚಿಕೊಂಡೆ.

ಇವತ್ತಿನ ಕಾಫಿಯನ್ನು ನಾನು ಬರುವ ಮುಂಚೆಯೇ ಹುರಿದುಬಿಡಿ. ಅಸ್ನಾಕೆಚ್‌ಗೆ ನಾನೇ ಹೇಳುತ್ತೇನೆ.

ನಿಮಗೆ ಮುಖ ತೋರಿಸಲು ನಾಚಿಕೆಯಾಗುತ್ತಿದೆ, ಅತ್ತೆ. ಆದರೆ ಮೂರು ವರ್ಷ ತಲೆನೋವು ಅಂತ ನರಳಿದಾಗ ಈ ಮನೆಯಲ್ಲಿ ಯಾರೂ ನನಗಾಗಿ ಕಿಟಕಿ ಮುಚ್ಚಿರಲಿಲ್ಲ.

ಮುಲುವರ್ಕ