ಅಮ್ಮನ ತವರಿನ ಬಾಗಿಲು

ಮಂಡ್ಯ, ೧೨-೨-೧೯೪೧

ಅಕ್ಕ, ರಾಗಿ ಬೀಸುವಾಗ ಅಮ್ಮ ‘ಬಗ್ಗಿ ಬಾ ಮಗಳೆ, ತವರ ಬಾಗಿಲು ಗಿಡ್ಡ’ ಎಂದು ಹಾಡುತ್ತಿದ್ದಳೋ, ‘ದೊಡ್ಡ’ ಎಂದೋ? ತವರೇ ಇಲ್ಲದವಳೆಂದು ಅಪ್ಪನ ಕಡೆಯ ಅಜ್ಜಿ ಅವಳನ್ನು ಕೊನೆಯವರೆಗೂ ಹಂಗಿಸಿದ್ದು ನಿನಗೂ ನೆನಪಿರಬೇಕು. ಅದಕ್ಕೇ ಹುಡುಕಿಕೊಂಡು ಬಂದೆ. ಅಮ್ಮ ಹೇಳುತ್ತಿದ್ದ ಬೀದಿಯನ್ನು ಕೆಡವಿ ರಸ್ತೆ ಮಾಡಿದ್ದಾರೆ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಅಲ್ಲಿ ಸಾಲಾಗಿ ನಿಂತಿವೆ. ಆ ಬೀದಿಯವರು ಬಾಗಿಲು, ತೊಲೆಗಳನ್ನು ಕಿತ್ತುಕೊಂಡು ಪಕ್ಕದ ಗುತ್ತಲಿಗೆ ಹೋದರೆಂದು ಗಾಡಿಯವರೊಬ್ಬರು ಹೇಳಿದರು. ಅಲ್ಲಿ ಅಮ್ಮನ ನೆರೆಮನೆಯವರಾಗಿದ್ದ ರಹಮತ್ ಬೀ ಸಿಕ್ಕರು.

ನನ್ನ ಆರೋಗ್ಯ ಚೆನ್ನಾಗಿದೆ, ಹಣೆ ಮಾತ್ರ ಊದಿದೆ. ಶನಿವಾರದ ರೈಲಿಗೆ ಬರುತ್ತೇನೆ.

ತಾತನ ಹೆಸರು ಹೇಳಿ ರಹಮತ್ ಬೀ ಮನೆಯೊಳಗೆ ಹೋಗುವಾಗ ಬಾಗಿಲುವಾಡ ಬಡಿಯಿತು. ಆಕೆ ನಕ್ಕರು: “ನೋಡ್ಕೊಂಡು ಬಾ ಕಣಮ್ಮ! ನಿಮ್ ತಾತನ್ ಮನೆ ಬಾಗ್ಲೇ ಇದು. ನಿಮ್ಮಮ್ಮ ಕಣ್ಮುಚ್ಕೊಂಡ್ ಬಗ್ಗೋಳು.”