ಕೂಸಿನ ಅಂಗಿಗೆ ಕೇರಿನ ಮಸಿ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಸೋಮವಾರದಿಂದ ನಿಮ್ಮ ಆಸ್ಪತ್ರೆಯಲ್ಲಿ ಹುಟ್ಟುವ ಕೂಸುಗಳ ಅಂಗಿಗೂ ಕೇರುಕಾಯಿಯ ಮಸಿಯಲ್ಲೇ ಲಾಂಡ್ರಿ ಗುರುತು ಹಾಕಬೇಕೆಂದು ಆದೇಶ ಹೊರಡಿಸಿದ್ದೀರಿ. ಒಲ್ಲೆ ಎಂದ ನನ್ನ ಅಕ್ಕನನ್ನು, ಅಂದರೆ ನಿಮ್ಮ ಲಾಂಡ್ರಿಯ ಕೆಲಸದವಳನ್ನು, ಮನೆಗೆ ಕಳಿಸಿದ್ದೀರಿ. ಇವತ್ತು ಶುಕ್ರವಾರ. ಕುಶಲೋಪರಿಗೆ ನನಗೆ ಪುರುಸೊತ್ತಿಲ್ಲ.

ಅಂಗಡಿಯ ಮಸಿಯಲ್ಲಿ ರಾಸಾಯನಿಕವಿದೆ, ಮರದ ಮಸಿ ನೈಸರ್ಗಿಕ, ಆದ್ದರಿಂದ ನಿರಪಾಯ ಎಂಬುದು ನಿಮ್ಮ ಸುತ್ತೋಲೆಯ ಸಾರ. ಎಂಥ ವಿವೇಕ! ಹಾವಿನ ವಿಷ ಯಾವ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಸ್ವಾಮಿ? ಕೇರು ಮರ ತನ್ನ ಕಾಯಿಯ ಸಿಪ್ಪೆಯಲ್ಲಿ ಕಪ್ಪು ಎಣ್ಣೆ ತುಂಬಿಕೊಳ್ಳುವುದು ನೀವು ಬಟ್ಟೆಗೆ ನಂಬರು ಬರೆಯಲಿ ಎಂದಲ್ಲ. ಅದರಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಸೋಕಿದರೆ ಎಷ್ಟೋ ಜನರ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಸುಣ್ಣ ಸೇರಿಸಿ ಬಟ್ಟೆಗೆ ಹಚ್ಚಿದರೆ ಎಷ್ಟು ಒಗೆದರೂ ಮಸಿಯೂ ಹೋಗುವುದಿಲ್ಲ, ಅದರ ಉರಿಯೂ ಹೋಗುವುದಿಲ್ಲ. ನೀವು ಮೆಚ್ಚಿದ ಆ ಗುಣವೇ ನಮ್ಮ ಪ್ರಾರಬ್ಧ.

ದೊಡ್ಡವರ ವಾರ್ಡಿಗೆ ಈ ಮಸಿ ಬಂದ ಮೇಲೆ ರೋಗಿಗಳ ಕುತ್ತಿಗೆಯ ಹಿಂದೆ, ಸರಿಯಾಗಿ ಗುರುತು ತಾಗುವ ಜಾಗದಲ್ಲೇ, ಗುಳ್ಳೆಗಳೆದ್ದವು. ನಿಮ್ಮ ತನಿಖೆ ಏನು ಹೇಳಿತು? ಅಕ್ಕ ಬಟ್ಟೆ ಜಾಲಿಸುವಾಗ ಸೋಪು ಉಳಿಸಿದ್ದಾಳಂತೆ! ಸೋಪಿಗೆ ಕುತ್ತಿಗೆ ಬಿಟ್ಟು ಬೇರೆ ಜಾಗ ಗೊತ್ತಿಲ್ಲವೇ? ಇದನ್ನೇ ಕೇಳಿದ್ದಕ್ಕೆ ಅವಳಿಗೆ ಉದ್ಧಟತನದ ನೋಟಿಸು ಬಂತು. ಆ ರೋಗಿಗಳಾದರೂ ಉರಿ ಉರಿ ಎಂದು ಬಾಯಿಬಿಟ್ಟು ಹೇಳಿದರು. ಕೂಸು ಅತ್ತರೆ ಹಸಿವೆಂದು ಹಾಲು ಕುಡಿಸುತ್ತಾರೆ.

ನಾನು ಹೊಲಿಗೆಯವಳು, ಆ ಪುಟ್ಟ ಅಂಗಿಗಳನ್ನು ಹೊಲಿದುಕೊಡುವವಳೂ ನಾನೇ. ಅನುಮಾನ ಬೇಡವೆಂದು ಗುರುತು ಹಾಕಿ ಒಗೆದ ಬಟ್ಟೆಯ ಚೂರನ್ನು ಎಡ ಮಣಿಕಟ್ಟಿಗೆ ಕಟ್ಟಿಕೊಂಡೆ. ತಲೆ ಕೆಟ್ಟಿದೆಯಾ ಎಂದು ಅಕ್ಕ ಬೈದಳು. ನಾನು ಬಿಚ್ಚಲಿಲ್ಲ. ಮರುದಿನ ಕೆಂಪಾಯಿತು, ಆಮೇಲೆ ನೀರುಗುಳ್ಳೆ ಎದ್ದಿತು. ತೋರಿಸೋಣವೆಂದು ನಿಮ್ಮ ಕಚೇರಿಗೆ ಬಂದರೆ ಗುಮಾಸ್ತರು ಕಣ್ಣೆತ್ತಿಯೂ ನೋಡದೆ ಲಿಖಿತವಾಗಿ ಕೊಡಿ ಎಂದರು. ಗುಳ್ಳೆಯನ್ನು ಲಿಖಿತವಾಗಿ ಕೊಡುವುದು ಹೇಗೆ? ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

"ಕೆಲ್ಸ ಹೋದ್ರೆ ಹೋಗ್ಲಿ ಕಣೇ. ನನಗೆ ಸೋಮವಾರದ್ದೇ ಹೆದರಿಕೆ," ಎನ್ನುತ್ತಾಳೆ ಅಕ್ಕ. ನನಗೂ ಹೆದರಿಕೆಯೇ, ಜೊತೆಗೆ ಸಿಟ್ಟೂ ಇದೆ.

ಆದೇಶ ಹಿಂತೆಗೆದುಕೊಳ್ಳಿ. ಅಕ್ಕನನ್ನು ವಾಪಸು ಕರೆಯಿರಿ. ಮಸಿ ನಿರಪಾಯವೆಂದು ಇನ್ನೂ ನಂಬಿದ್ದರೆ ಸೋಮವಾರ ಬೆಳಿಗ್ಗೆ ಲಾಂಡ್ರಿಗೆ ಬನ್ನಿ, ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಮೊದಲ ಗುರುತನ್ನು ನಿಮ್ಮ ಅಂಗಿಯ ಕಾಲರಿನ ಒಳಗೆ ಹಾಕಿಸಿಕೊಂಡು, ಅದನ್ನು ತೊಟ್ಟು ಒಂದು ರಾತ್ರಿ ಮಲಗಿ. ಕೂಸುಗಳ ಸರದಿ ಆಮೇಲೆ.

ಇಂತಿ,
ಸೂಜಿಗೆ ದಾರ ಪೋಣಿಸಲೂ ಆಗದೆ ಕೂತಿರುವ,
ನಿಮ್ಮ ಲಾಂಡ್ರಿಯವಳ ತಂಗಿ